ಪರದೆಯಿಂದ ಮೂಸೆಗೆ: ಒಂದಡಿಯ ಕಂಚಿನ ಯಕ್ಷಗಾನ ವೇಷದ ಲೆಕ್ಕಾಚಾರ

ಬ್ಲೆಂಡರ್ ಎಂಬ 3ಡಿ ವಿನ್ಯಾಸದ ಸಾಫ್ಟ್‌ವೇರಿನಲ್ಲಿ ಕೆತ್ತಿದ ಮಾದರಿಯನ್ನು ಎರಕದವರ ಮುಂದಿಟ್ಟರೆ, ಅಂದಚಂದ ನೋಡುವ ಮೊದಲೇ ಅವರು ಎರಡು ಪ್ರಶ್ನೆ ಕೇಳುತ್ತಾರೆ: ತೂಕ ಎಷ್ಟು ಬರುತ್ತದೆ, ಎರಕದ ಬಾಯಿ ಎಲ್ಲಿಡುತ್ತೀರಿ? ಈ ಎರಡಕ್ಕೂ ಉತ್ತರ ಇಟ್ಟುಕೊಳ್ಳದ ಫೈಲು ಎಷ್ಟೇ ಸೊಗಸಾಗಿದ್ದರೂ ಕುಲುಮೆಯ ಮಟ್ಟಿಗೆ ಅರ್ಧ ಕೆಲಸವೇ. ಕಂಪ್ಯೂಟರ್ ವಿನ್ಯಾಸವನ್ನು ಮೇಣದ ಎರಕಕ್ಕೆ (ಮೇಣದ ಬೊಂಬೆಯ ಸುತ್ತ ಅಚ್ಚು ಕಟ್ಟಿ, ಮೇಣ ಕರಗಿಸಿ ತೆಗೆದು, ಆ ಖಾಲಿ ಜಾಗಕ್ಕೆ ಲೋಹ ಹೊಯ್ಯುವ ಪದ್ಧತಿ) ಜೋಡಿಸುವ ಬಗ್ಗೆ ಸಿಗುವ ವಿಡಿಯೊಗಳಲ್ಲಿ ಪ್ರಿಂಟರ್ ಬಗ್ಗೆ ಗಂಟೆಗಟ್ಟಲೆ ಮಾತಿರುತ್ತದೆ. ಲೋಹ ಯಾವ ಕ್ರಮದಲ್ಲಿ ಗಟ್ಟಿಯಾಗುತ್ತದೆ ಎಂಬುದಕ್ಕೆ ಒಂದು ನಿಮಿಷವೂ ಇರುವುದಿಲ್ಲ. ಕೆಲಸ ಕೆಡುವುದು ಮಾತ್ರ ಅಲ್ಲೇ.

ಉದಾಹರಣೆಗೆ 30 ಸೆಂ.ಮೀ. ಎತ್ತರದ, ನಿಂತಿರುವ ಬಡಗುತಿಟ್ಟಿನ ಕಿರೀಟ ವೇಷವೊಂದನ್ನು ತೆಗೆದುಕೊಳ್ಳೋಣ. ತಲೆಯ ಮೇಲೆ ದಪ್ಪ ಕಿರೀಟ, ಅದರ ಕೆಳಗೆ ಸಣ್ಣ ಕುತ್ತಿಗೆ, ಹೆಗಲ ಮೇಲೆ ಎಲೆಯಷ್ಟು ತೆಳುವಾದ ಭುಜಕೀರ್ತಿ, ಸೊಂಟದ ಸುತ್ತ ಮಡಿಕೆ ಮಡಿಕೆಯಾದ ಬಟ್ಟೆಯ ರಾಶಿ. ಎರಕದಲ್ಲಿ ಬರಬಹುದಾದ ತೊಂದರೆಗಳೆಲ್ಲ ಈ ಒಂದೇ ಆಕೃತಿಯಲ್ಲಿ ಸಿಗುತ್ತವೆ.

ಮೊದಲು ಲೋಹ, ಆಮೇಲೆ ಫೈಲು

ಯಾವ ಲೋಹ ಎಂಬುದನ್ನು ಮಾದರಿ ಕೆತ್ತುವ ಮೊದಲೇ ತೀರ್ಮಾನಿಸಬೇಕು, ಯಾಕೆಂದರೆ ಮಾದರಿಯನ್ನು ಎಲ್ಲಿ ತುಂಡು ಮಾಡಬಹುದು ಎಂಬುದು ಲೋಹದ ಮೇಲೆಯೇ ನಿಂತಿದೆ. ಸುಲಭವಾಗಿ ಸಿಗುವುದು 85-5-5-5 ಗನ್‌ಮೆಟಲ್: ತಾಮ್ರ 85 ಭಾಗ, ತವರ, ಸೀಸ, ಸತು ತಲಾ 5 ಭಾಗ. ಚೆನ್ನಾಗಿ ಹರಿಯುತ್ತದೆ, ಅರಕ್ಕೂ ಉಳಿಗೂ ಮಣಿಯುತ್ತದೆ. ಆದರೆ ಒಳಗೆ ಸೀಸ ಇರುವುದರಿಂದ ಟಿಗ್ ವೆಲ್ಡಿಂಗ್‌ಗೆ ಒಗ್ಗುವುದಿಲ್ಲ; ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಇದರಲ್ಲಿ ತುಂಡುಗಳನ್ನು ಕೂಡಿಸಬೇಕಾದರೆ ಗೂಟ-ಕುಳಿ, ಅಡ್ಡ ಪಿನ್ನು, ಬೇಕಿದ್ದರೆ ಬೆಳ್ಳಿ ಬೆಸುಗೆ. ಬದಲಿಗೆ ಸಿಲಿಕಾನ್ ಕಂಚು, ಅಂದರೆ ಸುಮಾರು 95 ಭಾಗ ತಾಮ್ರ, 4 ಭಾಗ ಸಿಲಿಕಾನ್, 1 ಭಾಗ ಮ್ಯಾಂಗನೀಸ್ ಆದರೆ, ಅದೇ ಮಿಶ್ರಣದ ಕಡ್ಡಿ ಹಾಕಿ ವೆಲ್ಡ್ ಮಾಡಿ, ಉಜ್ಜಿ, ಜೋಡಣೆಯ ಗುರುತೇ ಇಲ್ಲದಂತೆ ಮಾಡಬಹುದು. ಕೈಕಾಲು ಚಾಚಿದ, ಹತ್ತು ತುಂಡಿನಲ್ಲಿ ಎರಕವಾಗುವ ಆಧುನಿಕ ಶಿಲ್ಪಕ್ಕೆ ಅದೇ ಸರಿ. ಪಂಚಲೋಹದ ಪ್ರಮಾಣ ಊರಿಂದೂರಿಗೆ ಬೇರೆ. ತಮಿಳುನಾಡಿನ ಸ್ವಾಮಿಮಲೆಯಲ್ಲಿ ಸಾಮಾನ್ಯವಾಗಿ ಹೇಳುವುದು ತಾಮ್ರ 82, ಹಿತ್ತಾಳೆ 15, ಸೀಸ 3. ಚಿನ್ನ-ಬೆಳ್ಳಿ ಮಾಡಿಸುವವರ ಶಕ್ತ್ಯಾನುಸಾರ. ಇದರಲ್ಲೂ ಸೀಸ ಇದೆ, ಆದ್ದರಿಂದ ಗನ್‌ಮೆಟಲ್‌ಗೆ ಹೇಳಿದ್ದೇ ಇದಕ್ಕೂ.

ನಮ್ಮ ವೇಷಕ್ಕೆ ಗನ್‌ಮೆಟಲ್ ಎಂದಿಟ್ಟುಕೊಳ್ಳೋಣ. ಪೂಜೆಗೆ ಕೂರಿಸುವ ವಿಗ್ರಹ ಘನ ಎರಕವೇ ಆಗಬೇಕು ಎನ್ನುತ್ತಾರೆ. ಇದು ಷೋಕೇಸಿನ ಶಿಲ್ಪ, ಸುಷಿರ ಅಂದರೆ ಟೊಳ್ಳು ಎರಕ ಸಾಕು. ಬ್ಲೆಂಡರ್‌ನ 3ಡಿ ಪ್ರಿಂಟ್ ಟೂಲ್‌ಬಾಕ್ಸ್ ಘನಗಾತ್ರವನ್ನು ನೇರವಾಗಿ ತೋರಿಸುತ್ತದೆ. ವೇಷಭೂಷಣ ಸೇರಿ ಈ ಅಳತೆಯ ಆಕೃತಿ ಘನವಾಗಿ ಸುಮಾರು 700 ಘನ ಸೆಂ.ಮೀ. ಬರುತ್ತದೆ, 4 ಮಿ.ಮೀ. ಗೋಡೆಯ ಟೊಳ್ಳಾದರೆ ಸುಮಾರು 290. ಗನ್‌ಮೆಟಲ್‌ನ ಸಾಂದ್ರತೆ 8.8. ಅಂದರೆ ಘನ ಎರಕ 6 ಕಿಲೋ ದಾಟುತ್ತದೆ, ಟೊಳ್ಳು 2.55 ಕಿಲೋ. ಲೋಹ ಹರಿದುಬರುವ ದಾರಿಗೆ (ರನ್ನರು), ಕುಗ್ಗಿದಾಗ ಲೋಹ ಉಣಿಸುವ ಮೀಸಲಿಗೆ (ರೈಸರು), ಹೊಯ್ಯುವ ಬಾಯಿಯ ಬಟ್ಟಲಿಗೆ ಇನ್ನು 130 ಘನ ಸೆಂ.ಮೀ. ಸೇರಿಸಿ. ಒಟ್ಟು 3.7 ಕಿಲೋ ಆಯಿತು. ಕಿಟ್ಟವಾಗಿ ಹೋಗುವುದು, ಕರಗಿಸುವ ಪಾತ್ರೆಯಾದ ಮೂಸೆಗೆ ಅಂಟುವುದು ಎಲ್ಲ ನೋಡಿಕೊಂಡು 4.2 ಕಿಲೋ ಕರಗಿಸಬೇಕು. ಲೋಹ ಉಳಿದರೆ ಗಟ್ಟಿ ಹೊಯ್ದು ಇಟ್ಟುಕೊಳ್ಳಬಹುದು. ಕಡಿಮೆ ಬಿದ್ದರೆ ಅಚ್ಚೂ ಹೋಯಿತು, ಮೇಣವೂ ಹೋಯಿತು.

ಈ ಲೆಕ್ಕಕ್ಕೆ ಸಾಫ್ಟ್‌ವೇರೇ ಬೇಕೆಂದೇನಿಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಮೇಣದ ಎರಕವನ್ನು ವಿವರಿಸುವಾಗ ಇದನ್ನು ತಕ್ಕಡಿಯಲ್ಲೇ ಮುಗಿಸಿದ್ದಾನೆ: ಮೇಣದ ಬೊಂಬೆಯನ್ನು ತೂಗಿ, ಹಿತ್ತಾಳೆ-ತಾಮ್ರವಾದರೆ ಅದರ 8 ಪಟ್ಟು, ಬೆಳ್ಳಿಯಾದರೆ 12, ಚಿನ್ನವಾದರೆ 16 ಪಟ್ಟು ಲೋಹ ತೆಗೆದುಕೊಳ್ಳಬೇಕು. ಇವತ್ತಿನ ಅಂಕಿ ಹಾಕಿದರೆ ಜೇನುಮೇಣದ ಸಾಂದ್ರತೆ 0.96, 8.8ನ್ನು ಇದರಿಂದ ಭಾಗಿಸಿದರೆ 9.2 ಬರುತ್ತದೆ. ರಾಳ ಬೆರೆಸಿದ ಮೇಣ ಸ್ವಲ್ಪ ಭಾರ, ಆಗ ಪಟ್ಟು ಇಳಿಯುತ್ತದೆ. 10 ಪಟ್ಟು ಹಿಡಿದರೆ ನಷ್ಟವೂ ಸೇರಿ ಸರಿಹೋಗುತ್ತದೆ. ತೂಗುವಾಗ ರನ್ನರಿನ ಮೇಣವನ್ನೂ ಸೇರಿಸಿ ತೂಗಬೇಕು, ಇದನ್ನು ಮರೆಯುವವರೇ ಹೆಚ್ಚು. ಪರದೆಯ ಲೆಕ್ಕವೂ ತಕ್ಕಡಿಯ ಲೆಕ್ಕವೂ ಹತ್ತಿರ ಹತ್ತಿರ ಬರದಿದ್ದರೆ ಮೇಣದ ದಪ್ಪದಲ್ಲಿ ಎಲ್ಲೋ ಎಡವಟ್ಟಾಗಿದೆ ಎಂದರ್ಥ.

ಫೈಲಿನಲ್ಲೇ ಮುಗಿಸಬೇಕಾದ ಕೆಲಸ

ಪ್ರಿಂಟಿಗೆ ಕಳಿಸುವ ಎಸ್‌ಟಿಎಲ್ ಫೈಲಿನಲ್ಲಿ ಅಂಕಿ ಇರುತ್ತದೆ, ಅಳತೆಯ ಮಾನ ಇರುವುದಿಲ್ಲ. ಬ್ಲೆಂಡರ್‌ನ ಮೂಲ ಮಾನ ಮೀಟರ್. ಮಾದರಿಯನ್ನು ಪದರಗಳಾಗಿ ಕತ್ತರಿಸಿ ಪ್ರಿಂಟರ್‌ಗೆ ಕೊಡುವ ಸ್ಲೈಸರ್ ಅದನ್ನು ಮಿಲಿಮೀಟರ್ ಎಂದು ಓದುತ್ತದೆ. 0.3 ಮೀಟರಿನ ಶಿಲ್ಪ ಅಲ್ಲಿ 0.3 ಮಿ.ಮೀ. ಚುಕ್ಕೆಯಾಗಿ ಕಾಣುವುದು ಇದರಿಂದಲೇ. ಯೂನಿಟ್ ಸ್ಕೇಲನ್ನು 0.001ಕ್ಕೆ ಇಟ್ಟು ಮಿಲಿಮೀಟರಿನಲ್ಲೇ ಕೆಲಸ ಆರಂಭಿಸಿ, ಇಲ್ಲವೇ ಎಕ್ಸ್‌ಪೋರ್ಟ್ ಮಾಡುವಾಗ 1000ದಿಂದ ಗುಣಿಸಿ.

ಕುಗ್ಗುವಿಕೆಯನ್ನು ಸರಪಳಿಯಾಗಿ ಲೆಕ್ಕ ಹಾಕಬೇಕು. ಈ ಬಗೆಯ ಕಂಚು ಶೇ. 1.5ರ ಆಸುಪಾಸು ಕುಗ್ಗುತ್ತದೆ, ಮೇಣ ಶೇ. 1, ಪ್ಲಾಟಿನಂ ಸಿಲಿಕೋನ್ ಅಚ್ಚು ಶೇ. 0.1. ಪ್ರಿಂಟಿನಿಂದ ಸಿಲಿಕೋನ್ ಅಚ್ಚು, ಅದರಿಂದ ಮೇಣ, ಮೇಣದಿಂದ ಕಂಚು ಎಂಬ ದಾರಿಯಾದರೆ 0.985 × 0.99 × 0.999 = 0.974. 300 ಮಿ.ಮೀ. ಶಿಲ್ಪ ಬೇಕಾದರೆ 300ನ್ನು 0.974ರಿಂದ ಭಾಗಿಸಿ 308 ಮಿ.ಮೀ. ಪ್ರಿಂಟ್ ಮಾಡಬೇಕು. ಪ್ರಿಂಟನ್ನೇ ಸುಟ್ಟು ನೇರವಾಗಿ ಎರಕ ಹೊಯ್ಯುವುದಾದರೆ ಲೋಹದ ಕುಗ್ಗು ಮಾತ್ರ, 304.6 ಸಾಕು. ಪ್ಲಾಟಿನಂ ಬದಲು ತವರದಿಂದ ಗಟ್ಟಿಯಾಗುವ ಅಗ್ಗದ ಸಿಲಿಕೋನ್ ಬಳಸಿದರೆ ದಿನಗಳೆದಂತೆ ಅಚ್ಚು ಇನ್ನೂ ಕುಗ್ಗುತ್ತದೆ. ಒಂದೇ ಅಚ್ಚಿನಲ್ಲಿ ಈ ವಾರ ತೆಗೆದ ಮೇಣಕ್ಕೂ ಎರಡು ತಿಂಗಳ ನಂತರದ ಮೇಣಕ್ಕೂ ಅಳತೆ ಕೂಡುವುದಿಲ್ಲ. ಬೇರೆ ಬೇರೆ ತುಂಡುಗಳು ಒಂದಕ್ಕೊಂದು ಕೂರಬೇಕಾದ ಶಿಲ್ಪದಲ್ಲಿ ಇದು ದೊಡ್ಡ ತಲೆನೋವು.

ಈಗ ಕಿರೀಟದ ವಿಚಾರ. ದಪ್ಪ ಭಾಗ ನಿಧಾನವಾಗಿ ಗಟ್ಟಿಯಾಗುತ್ತದೆ, ಗಟ್ಟಿಯಾಗುವಾಗ ಕುಗ್ಗುತ್ತದೆ, ಕುಗ್ಗಿದಷ್ಟು ಜಾಗಕ್ಕೆ ಇನ್ನೂ ದ್ರವವಾಗಿರುವ ಲೋಹ ಎಲ್ಲಿಂದಲಾದರೂ ಹರಿದು ಬರಬೇಕು. 35 ಮಿ.ಮೀ. ದಪ್ಪದ ಘನ ಕಿರೀಟಕ್ಕೆ 14 ಮಿ.ಮೀ. ಕುತ್ತಿಗೆಯ ಮೂಲಕವೇ ಲೋಹ ಬರಬೇಕಾದರೆ, ಕುತ್ತಿಗೆ ಮೊದಲೇ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಕಿರೀಟ ಒಳಗೊಳಗೇ ಕುಗ್ಗಿ, ನಡುವೆ ಒರಟು ಹರಳಿನಂತಹ ಗುಳಿ ಬೀಳುತ್ತದೆ. ಹೊರಗೆ ಕಾಣದಿದ್ದರೂ ಅರ ಹಾಕಿದಾಗ ಬಾಯಿ ಬಿಡುತ್ತದೆ. ಇದಕ್ಕೆ ಪರಿಹಾರವನ್ನು ಪರದೆಯ ಮೇಲೆಯೇ ಮಾಡಬೇಕು. ಆಕೃತಿಯ ಒಳಗೆ ಅಲ್ಲಲ್ಲಿ ಗೋಡೆಗೆ ತಾಗುವಷ್ಟು ದೊಡ್ಡ ಗೋಳಗಳನ್ನು ಕೂರಿಸಿ ನೋಡಿ: ತುದಿಯಿಂದ ಎರಕದ ಬಾಯಿಯ ಕಡೆ ಬಂದಂತೆ ಗೋಳ ದೊಡ್ಡದಾಗುತ್ತಲೇ ಬರಬೇಕು, ನಡುವೆ ಎಲ್ಲೂ ಚಿಕ್ಕದಾಗಿ ಮತ್ತೆ ದೊಡ್ಡದಾಗಬಾರದು. ಹಾಗಾದ ಕಡೆ ಮೂರೇ ದಾರಿ. ದಪ್ಪವನ್ನು ಟೊಳ್ಳು ಮಾಡುವುದು, ಆ ದಪ್ಪಕ್ಕೇ ಬೇರೆ ರೈಸರ್ ಕೊಡುವುದು, ಇಲ್ಲವೇ ಆ ತುಂಡನ್ನು ಬೇರೆಯಾಗಿ ಎರಕ ಹೊಯ್ಯುವುದು.

ಕಿರೀಟದ ಮಟ್ಟಿಗೆ ಮೂರನೆಯದು ಒಳ್ಳೆಯದು. ನಿಜವಾದ ವೇಷದಲ್ಲೂ ಕಿರೀಟ ಬೇರೆ ವಸ್ತುವೇ, ಹಣೆಪಟ್ಟಿಯ ಗೆರೆಯಲ್ಲಿ ಕತ್ತರಿಸಿದರೆ ಜೋಡಣೆ ಯಾರಿಗೂ ಕಾಣುವುದಿಲ್ಲ. ಮನೆಮಟ್ಟದ ಪ್ರಿಂಟರ್‌ಗಳ ಎತ್ತರ ಬಹುಪಾಲು 250 ಮಿ.ಮೀ.; ಕಿರೀಟ ತೆಗೆದರೆ 230ರ ಸುಮಾರಿನ ದೇಹ ಅದರೊಳಗೆ ಹಿಡಿಸುತ್ತದೆ. ತಲೆಯಲ್ಲಿ 10 ಮಿ.ಮೀ. ವ್ಯಾಸ, 12 ಮಿ.ಮೀ. ಉದ್ದದ ಗೂಟ, ಕಿರೀಟದಲ್ಲಿ ಸುತ್ತ 0.3 ಮಿ.ಮೀ. ಸಡಿಲ ಬಿಟ್ಟ ಕುಳಿ. ಗೂಟಕ್ಕೆ ಒಂದು ಬದಿ ಚಪ್ಪಟೆ ಮಾಡಿ, ಇಲ್ಲದಿದ್ದರೆ ಕಿರೀಟ ತಿರುಗುತ್ತದೆ. ಎರಡೂ ಒಂದೇ ಲೋಹ, ಒಂದೇ ದಿನದ ಎರಕ ಆಗಿರಬೇಕು, ಬೇರೆ ಬೇರೆ ಕರಗಿಸಿದರೆ ಬಣ್ಣ ಕಟ್ಟುವಾಗ ಎರಡು ಛಾಯೆ ಬರುತ್ತದೆ.

ಭುಜಕೀರ್ತಿಯನ್ನು ಪರದೆಯಲ್ಲಿ 1 ಮಿ.ಮೀ. ಮಾಡಿದರೆ ಚೆಂದ ಕಾಣುತ್ತದೆ, ಲೋಹ ಮಾತ್ರ ಅಲ್ಲಿಗೆ ತಲುಪುವುದಿಲ್ಲ. ಅಂಚಿನಲ್ಲಿ 2, ಹೆಗಲಿಗೆ ಸೇರುವಲ್ಲಿ 3.5 ಮಿ.ಮೀ. ಕೊಟ್ಟು, ಎದುರಿನಿಂದ ಕಾಣುವ ಅಂಚನ್ನು ಮಾತ್ರ ಆಮೇಲೆ ಅರದಿಂದ ತೆಳುವಾಗಿಸಿ. ಒಳಮೂಲೆಗಳಿಗೆಲ್ಲ ಕನಿಷ್ಠ 1 ಮಿ.ಮೀ. ತ್ರಿಜ್ಯದ ಉರುಟು ಬೇಕು. ಚೂಪು ಒಳಮೂಲೆ ಎಂದರೆ ಅಚ್ಚಿನಲ್ಲಿ ಮಣ್ಣಿನ ಚೂಪು ಅಂಚು. ಹರಿಯುವ ಲೋಹ ಅದನ್ನು ಮುರಿದು, ಆ ಚೂರನ್ನು ಶಿಲ್ಪದ ಮೈಯಲ್ಲೇ ಹೂತಿಡುತ್ತದೆ. ಎದೆಕಟ್ಟಿನ ಮಣಿಗಳು 1.2 ಮಿ.ಮೀ.ಗಿಂತ ಚಿಕ್ಕದಾದರೆ ಉಜ್ಜುವಾಗ ಅಳಿಸಿಹೋಗುತ್ತವೆ. ಕೆತ್ತಿದ ಗೆರೆ 0.8 ಮಿ.ಮೀ. ಅಗಲ, 0.6 ಆಳ ಇದ್ದರೆ ಉಳಿಯುತ್ತದೆ, 0.3ರ ಕೆಳಗಿನ ಗೆರೆಗಳನ್ನು ಫೈಲಿನಲ್ಲಿ ಹಾಕುವುದೇ ದಂಡ, ಅದು ಉಳಿಯ ಕೆಲಸ. ಕಣ್ಣು, ಹುಬ್ಬು, ತುಟಿಯ ಅಂಚುಗಳಲ್ಲಿ 0.5 ಮಿ.ಮೀ. ಹೆಚ್ಚು ಮೈ ಬಿಟ್ಟು ಕೊನೆಯ ಗೆರೆಯನ್ನು ಲೋಹದ ಮೇಲೆ ಕೈಯಿಂದಲೇ ತೆಗೆಯಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಒಂದು ಬದಿಯ ಕೆತ್ತನೆ ಇನ್ನೊಂದು ಬದಿಗೂ ಮೂಡುವ ಮಿರರ್ ಆನ್ ಇಟ್ಟು ಕೊನೆಯವರೆಗೂ ಕೆತ್ತಿದ ಮುಖ ಕಂಚಿನಲ್ಲಿ ಇನ್ನೂ ಹೆಚ್ಚು ಮುಖವಾಡದಂತೆ ಕಾಣುತ್ತದೆ. ಆಕಾರ ಮುಕ್ಕಾಲು ಬಂದ ಮೇಲೆ ಅದನ್ನು ಆಫ್ ಮಾಡಿ.

ದೇವರ ವಿಗ್ರಹ ಮಾಡುವವರಿಗೆ ಇಲ್ಲೊಂದು ಅನುಕೂಲ ಇದೆ. ಶಿಲ್ಪಶಾಸ್ತ್ರದ ಅಳತೆಯಲ್ಲಿ ನವತಾಳದ ಮೂರ್ತಿಯ ಎತ್ತರ 9 ತಾಳ, ತಾಳಕ್ಕೆ 12 ಅಂಗುಲ, ಒಟ್ಟು 108 ಅಂಗುಲ. ಉತ್ತಮ ದಶತಾಳಕ್ಕೆ 124. ಸ್ವಾಮಿಮಲೆಯ ಸ್ಥಪತಿಗಳು ತೆಂಗಿನ ಗರಿಯ ಪಟ್ಟಿಯನ್ನು ಮಡಚಿ ಮಡಚಿ ಗುರುತು ಹಾಕುವ ಕೆಲಸವನ್ನು ಬ್ಲೆಂಡರ್‌ನಲ್ಲಿ ಒಂದು ಗೆರೆ, ಅದನ್ನು ಸಮದೂರದಲ್ಲಿ ಮರುಕಳಿಸುವ ಒಂದು ಅರೇ ಮಾಡಿಫೈಯರ್ ಮಾಡುತ್ತದೆ. 300 ಮಿ.ಮೀ. ನವತಾಳಕ್ಕೆ ಅಂಗುಲ 2.78 ಮಿ.ಮೀ.; ಅಂಗುಲಕ್ಕೆ 8 ಯವ, ಅಂದರೆ ಯವ 0.35 ಮಿ.ಮೀ. ಈ ಗಾತ್ರದಲ್ಲಿ ಎರಕ ಹಿಡಿದಿಡಬಲ್ಲ ಅತಿ ಸಣ್ಣ ವಿವರವೂ ಹೆಚ್ಚುಕಡಿಮೆ ಅಷ್ಟೇ. ಮೂರ್ತಿ ತ್ರಿಭಂಗಿಯಲ್ಲಿ ಬಾಗಿದ್ದರೆ ಈ ಗೆರೆಗಳನ್ನು ನೇರ ನಿಲುವಿನಲ್ಲಿ ಕೂರಿಸಿ, ಆಮೇಲೆ ಆರ್ಮೇಚರ್‌ನಿಂದ (ಮಾದರಿಯೊಳಗಿನ ಮೂಳೆಕಟ್ಟು) ಬಾಗಿಸಬೇಕು. ಬಾಗಿದ ಮೇಲೆ ಅಳೆದರೆ ಎತ್ತರ ಕಡಿಮೆ ಬಂದು, ಅದನ್ನು ಸರಿಮಾಡಲು ಕಾಲು ಉದ್ದವಾಗುತ್ತದೆ.

ಪ್ರಿಂಟಿನಿಂದ ಮೇಣಕ್ಕೆ

ಪಿಎಲ್‌ಎ ಎಂಬ ಪ್ರಿಂಟರ್ ಪ್ಲಾಸ್ಟಿಕ್ಕಿನ ಪ್ರಿಂಟನ್ನು ಮಣ್ಣಿನ ಅಚ್ಚಿನಲ್ಲಿ ಹುದುಗಿಸಿ ಬೆರಣಿ ಬೆಂಕಿಯಲ್ಲಿಟ್ಟರೆ ಮೇಣದಂತೆ ಕರಗಿ ಸುರಿಯುತ್ತದೆ ಎಂದು ಹಲವರು ಎಣಿಸುತ್ತಾರೆ. ಅದು ಸುರಿಯುವುದಿಲ್ಲ. 60 ಡಿಗ್ರಿಗೆ ಮೆತ್ತಗಾಗಿ, ಉಬ್ಬಿ, ಅಂಟಾಗಿ ಅಲ್ಲೇ ಕೂರುತ್ತದೆ. 700 ಡಿಗ್ರಿಯ ಸುಮಾರಿನಲ್ಲಿ, ಗಾಳಿ ಆಡುವ ಭಟ್ಟಿಯಲ್ಲಿ ಮೂರು-ನಾಲ್ಕು ಗಂಟೆ ಇಟ್ಟರಷ್ಟೇ ಸುಟ್ಟು ಖಾಲಿಯಾಗುತ್ತದೆ, ಆಮೇಲೂ ಬೂದಿ ಉಳಿಯಬಹುದು. ಬಿಳಿ ಪಿಎಲ್‌ಎಯಲ್ಲಿ ಬಣ್ಣಕ್ಕಾಗಿ ಟೈಟಾನಿಯಂ ಡೈಆಕ್ಸೈಡ್ ಇರುತ್ತದೆ, ಅದು ಸುಡುವುದೇ ಇಲ್ಲ. ನೇರ ದಾರಿ ಹಿಡಿಯುವುದಾದರೆ ಬಣ್ಣವಿಲ್ಲದ ಪಿಎಲ್‌ಎ, ಒಂದೋ ಎರಡೋ ಗೋಡೆ, ಒಳಗೆ ಶೇ. 5ರಿಂದ 10 ತುಂಬು (ಇನ್‌ಫಿಲ್), ಹೊರಮೈಗೆ ಅರ್ಧ ಮಿ.ಮೀ. ಬಿಸಿ ಮೇಣದ ಲೇಪ. ಲೇಪ ಪದರದ ಗೆರೆಗಳನ್ನು ಮುಚ್ಚುವುದಷ್ಟೇ ಅಲ್ಲ. ಮೊದಲು ಮೇಣ ಕರಗಿ ಹೋಗಿ, ಉಬ್ಬುವ ಪಿಎಲ್‌ಎಗೆ ಜಾಗ ಬಿಡುತ್ತದೆ, ಅಚ್ಚು ಒಡೆಯುವುದು ತಪ್ಪುತ್ತದೆ. ಆದರೆ ಆ ಅರ್ಧ ಮಿ.ಮೀ.ಯಷ್ಟು ಮಾದರಿಯನ್ನು ಮೊದಲೇ ತೆಳು ಮಾಡಿರಬೇಕು. ಈ ದಾರಿ ಸೆರಾಮಿಕ್ ಶೆಲ್‌ಗೆ, ಅಂದರೆ ಪದರ ಪದರವಾಗಿ ಕಟ್ಟಿದ ಪಿಂಗಾಣಿಯಂತಹ ತೆಳು ಅಚ್ಚಿಗೆ, ಹೊಂದುತ್ತದೆ, ಯಾಕೆಂದರೆ ಸುಟ್ಟ ಶೆಲ್ಲನ್ನು ತಣಿಸಿ, ಬೂದಿಯನ್ನು ನೀರಲ್ಲಿ ತೊಳೆದು, ಒಣಗಿಸಿ ಮತ್ತೆ ಕಾಯಿಸಬಹುದು. ಮಣ್ಣಿನ ಅಚ್ಚಿಗೆ ನೀರು ಬಿಟ್ಟರೆ ಅಚ್ಚೇ ಇರುವುದಿಲ್ಲ. ಪ್ಲಾಸ್ಟರ್-ಸಿಲಿಕಾ ಅಚ್ಚಾದರೆ 730 ಡಿಗ್ರಿ ದಾಟಿಸಬೇಡಿ. ಅದರ ಮೇಲೆ ಪ್ಲಾಸ್ಟರ್ ಒಡೆದು ಗಂಧಕದ ಅನಿಲ ಬಿಡುತ್ತದೆ, ಎರಕದ ಮೈ ಕಪ್ಪಾಗಿ ತೂತು ತೂತಾಗುತ್ತದೆ.

ಸಾಂಪ್ರದಾಯಿಕ ಮಣ್ಣಿನ ಅಚ್ಚೇ ಬೇಕೆಂದರೆ ಸಿಲಿಕೋನ್ ಮೂಲಕ ಮೇಣಕ್ಕೆ ಹೋಗುವುದು ಸರಿಯಾದ ದಾರಿ. ಒಂದು ಪ್ರಿಂಟಿನಿಂದ ಎಷ್ಟು ಬೇಕಾದರೂ ಮೇಣ ತೆಗೆಯಬಹುದು, ಒಂದು ಎರಕ ಕೆಟ್ಟರೆ ಇನ್ನೊಂದಕ್ಕೆ ಮೇಣ ಸಿದ್ಧವಿರುತ್ತದೆ. ಪ್ರಿಂಟ್ 0.12 ಮಿ.ಮೀ. ಪದರದಲ್ಲಿ, ಮುಖ ನೆಟ್ಟಗೆ ನಿಲ್ಲುವಂತೆ ಇಡಿ. ಹಣೆ, ಕೆನ್ನೆಯ ಇಳಿಜಾರು ಮೇಲ್ಮುಖವಾಗಿದ್ದರೆ ಪದರದ ಗೆರೆಗಳು ನಕ್ಷೆಯ ಗೆರೆಗಳಂತೆ ಮೂಡಿ, ಬಣ್ಣ ಕಟ್ಟಿದ ಮೇಲೆ ಇನ್ನೂ ಎದ್ದು ಕಾಣುತ್ತವೆ. 220 ನಂಬರಿನ ಉಪ್ಪುಕಾಗದ, ಮೇಲೆ ಫಿಲ್ಲರ್ ಪ್ರೈಮರ್. ಈ ದಾರಿಯಲ್ಲಿ ಪ್ರಿಂಟ್ ಸುಡುವುದಿಲ್ಲವಾದ್ದರಿಂದ ಪ್ರೈಮರ್‌ನ ಬೂದಿಯ ಚಿಂತೆ ಇಲ್ಲ. ರೆಸಿನ್ ಪ್ರಿಂಟರ್ ಬಳಸುವವರು ಗಮನಿಸಬೇಕಾದದ್ದು: ಸರಿಯಾಗಿ ಕ್ಯೂರ್ ಆಗದ ರೆಸಿನ್ ತಾಗಿದ ಕಡೆ ಪ್ಲಾಟಿನಂ ಸಿಲಿಕೋನ್ ಗಟ್ಟಿಯಾಗದೆ ಜಿಗಟಾಗಿಯೇ ಉಳಿಯುತ್ತದೆ. ಗಂಧಕ ಇರುವ ಮಾಡೆಲಿಂಗ್ ಕ್ಲೇಯೂ ಹಾಗೆಯೇ ಮಾಡುತ್ತದೆ. ಶಿಲ್ಪಕ್ಕೆ ಬಳಿಯುವ ಮೊದಲು ಪೀಠದ ಅಡಿಯಲ್ಲಿ ಒಂದು ಚಮಚ ಹಾಕಿ ಪರೀಕ್ಷಿಸಿ.

ಸಿಲಿಕೋನನ್ನು ಮೂರು-ನಾಲ್ಕು ಬಾರಿ ಬಳಿದು 8ರಿಂದ 10 ಮಿ.ಮೀ. ದಪ್ಪ ಕಟ್ಟಿ, ಹೊರಗೆ ಪ್ಲಾಸ್ಟರ್ ಕವಚ. ಮೊದಲ ಮೇಣವನ್ನು 90 ಡಿಗ್ರಿಯ ಹತ್ತಿರ ಬಿಸಿಯಾಗಿ ಹೊಯ್ದು, ಅಚ್ಚನ್ನು ಎಲ್ಲ ಕಡೆ ಆಡಿಸಿ, ಹೆಚ್ಚಿನದನ್ನು ಸುರಿದುಬಿಡಿ. ವಿವರ ಹಿಡಿಯುವುದು ಇದೇ ಪದರ. ಮುಂದಿನವು ತಣ್ಣಗಿರಲಿ, ಇಲ್ಲವಾದರೆ ಮೊದಲ ಪದರವನ್ನೇ ಕರಗಿಸಿಬಿಡುತ್ತವೆ. ಕೊನೆಗೆ ತೂಗಿ: 290 ಘನ ಸೆಂ.ಮೀ.ಗೆ ಸುಮಾರು 280 ಗ್ರಾಂ ಇರಬೇಕು. 350 ಗ್ರಾಂ ಬಂದರೆ ಗೋಡೆ 5 ಮಿ.ಮೀ. ಆಗಿದೆ, 200 ಬಂದರೆ 3ಕ್ಕೂ ಕಡಿಮೆ. ಕೈಯಿಂದ ತಿದ್ದುವ ಮೇಣಕ್ಕೆ ಸ್ವಾಮಿಮಲೆಯ ಕಡೆ ಚಾಲ್ತಿಯಲ್ಲಿರುವ ಪಾಕ ಮೇಣ 4, ರಾಳ 4, ಕಡಲೆಕಾಯಿ ಎಣ್ಣೆ 1. ಚಳಿಗಾಲದಲ್ಲಿ ಎಣ್ಣೆ ತುಸು ಹೆಚ್ಚು, ಬೇಸಿಗೆಯಲ್ಲಿ ಕಡಿಮೆ. ಅಚ್ಚಿನ ಜೋಡಣೆಯ ಗೆರೆ ತೆಗೆಯುವುದು, ಬಟ್ಟೆಯ ಮಡಿಕೆಗೆ ಚೂಪು ಕೊಡುವುದು, ಬೆರಳು ಬಾಗಿಸುವುದು ಎಲ್ಲ ಈ ಹಂತದಲ್ಲೇ. ಪರದೆಯಲ್ಲಿ ಅರ್ಧ ದಿನ ತಿಣುಕಿದ ಮಡಿಕೆ ಬಿಸಿ ಚಾಕುವಿನಲ್ಲಿ ಐದು ನಿಮಿಷದ ಕೆಲಸ.

ಅಚ್ಚು

ಟೊಳ್ಳಿನೊಳಗೆ ಮರಳು, ಗೋಡುಮಣ್ಣು, ಸುಟ್ಟ ಭತ್ತದ ಹೊಟ್ಟು ಕಲಸಿದ ತಿರುಳನ್ನು ತುಂಬಿ. ಮೇಣ ಕರಗಿ ಹೋದ ಮೇಲೆ ಈ ತಿರುಳನ್ನು ಹಿಡಿದು ನಿಲ್ಲಿಸುವುದು ಮೊಳೆಗಳು ಮಾತ್ರ. 2 ಮಿ.ಮೀ. ಸ್ಟೀಲಿನ ಆರೆಂಟು ಮೊಳೆಗಳನ್ನು ಮೇಣದ ಗೋಡೆಯ ಮೂಲಕ ಅರ್ಧ ಒಳಗೆ, ಅರ್ಧ ಹೊರಗೆ ಇರುವಂತೆ ಚುಚ್ಚಿ. ಮುಖದ ಮೇಲೆ ಬೇಡ, ಬೆನ್ನು, ಸೊಂಟದ ಬದಿ, ಮಡಿಕೆಯ ಒಳಗೆ ಇರಲಿ. ಮೊಳೆ ಕಡಿಮೆಯಾದರೆ ತಿರುಳು ಜರುಗಿ ಒಂದು ಬದಿ 7 ಮಿ.ಮೀ., ಇನ್ನೊಂದು ಬದಿ ತೂತು. ಪೀಠದ ಅಡಿ ತೆರೆದೇ ಇರಬೇಕು, ತಿರುಳಿನ ಆವಿ ಹೊರಹೋಗುವುದು ಅಲ್ಲಿಂದ.

ರನ್ನರು, ಗಾಳಿಕೊಳವೆಗಳ ಜಾಗ ಗೊತ್ತುಮಾಡಲು ಕಂಪ್ಯೂಟರ್ ನಿಜಕ್ಕೂ ನೆರವಾಗುತ್ತದೆ. ಶಿಲ್ಪವನ್ನು ತಲೆಕೆಳಗಾಗಿ, ಪೀಠ ಮೇಲೆ ಬರುವಂತೆ ಹೊಯ್ಯುವುದು ವಾಡಿಕೆ. ದಪ್ಪ ಪೀಠ ಕೊನೆಗೆ ಗಟ್ಟಿಯಾಗುತ್ತ ಕೆಳಗಿನದಕ್ಕೆ ಲೋಹ ಉಣಿಸುತ್ತದೆ. ಮಾದರಿಯನ್ನು ಪರದೆಯಲ್ಲಿ 180 ಡಿಗ್ರಿ ತಿರುಗಿಸಿ, ನೀರು ತುಂಬುತ್ತ ಬಂದರೆ ಗಾಳಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಸುತ್ತಲೂ ನೋಡಿ. ನೆಟ್ಟಗಿದ್ದಾಗ ಜೋತುಬಿದ್ದಿದ್ದ ಸೆರಗಿನ ತುದಿ, ಬಾಗಿದ ಮೊಣಕೈ, ಡಾಬಿನ ಇಳಿಬಿದ್ದ ಅಂಚು, ಇವೆಲ್ಲ ಈಗ ಶಿಖರಗಳು. ಪ್ರತಿ ಶಿಖರಕ್ಕೂ 4 ಮಿ.ಮೀ. ಗಾಳಿಕೊಳವೆ ಬೇಕು. ಎತ್ತಿದ ಕೈಗೆ ಬೇಡ, ಅದೀಗ ತಗ್ಗಿನಲ್ಲಿದೆ. ಬಟ್ಟಲಿನಿಂದ 15 ಮಿ.ಮೀ. ರನ್ನರ್ ಇಳಿದು, ಬೆನ್ನಿನ ಕಡೆಯಿಂದ ಹೆಗಲಿಗೂ ಸೊಂಟಕ್ಕೂ ಸೇರಲಿ. ರನ್ನರ್ ಮೈಗೆ ಸೇರುವ ಕಡೆ (ಗೇಟ್) ಫೈಲಿನಲ್ಲೇ 8 × 12 ಮಿ.ಮೀ. ಚಪ್ಪಟೆ ದಿಬ್ಬ ಇಟ್ಟರೆ, ಆಮೇಲೆ ಕೊಯ್ದು ಉಜ್ಜುವಾಗ ಬಟ್ಟೆಯ ಮಡಿಕೆ ಹಾಳಾಗುವುದಿಲ್ಲ.

ಮಣ್ಣಿನ ಮೊದಲ ಲೇಪ ನುಣುಪಾದ ಹೊಳೆಯ ಮೆಕ್ಕಲು, ಸುಟ್ಟ ಹೊಟ್ಟಿನ ಪುಡಿ, ಸಗಣಿ, ಎಲ್ಲ ಬಟ್ಟೆಯಲ್ಲಿ ಜರಡಿ ಹಿಡಿದದ್ದು. ಕುಂಚದಿಂದ ಬಳಿದು 3 ಮಿ.ಮೀ. ಕಟ್ಟಿ, ನೆರಳಲ್ಲೇ ಒಣಗಿಸಿ. ಬಿಸಿಲಿಗೆ ಮೇಣ ಮೆತ್ತಗಾಗಿ ಲೇಪ ಬಿರಿಯುತ್ತದೆ. ಎರಡನೆಯದು ಗದ್ದೆಮಣ್ಣು ಮತ್ತು ಮರಳು, ಮೂರನೆಯದು ಇನ್ನೂ ಒರಟು. ಹೊರಗೆ ಕಬ್ಬಿಣದ ತಂತಿ ಸುತ್ತಿ ಮತ್ತೊಂದು ಲೇಪ. ಒರಟು ಮಣ್ಣು ಬೇಕಾಗಿರುವುದು ಗಟ್ಟಿತನಕ್ಕಷ್ಟೇ ಅಲ್ಲ, ಅನಿಲ ಸೋರಿಹೋಗಲು. ಪೂರ್ತಿ ನುಣುಪು ಮಣ್ಣಿನ ಅಚ್ಚು ಉಸಿರಾಡದೆ ಲೋಹವನ್ನು ಹಿಂದಕ್ಕೆ ಉಗುಳುತ್ತದೆ. ಬಾಯಿ ಕೆಳಗೆ ಮಾಡಿ ಬೆರಣಿ ಬೆಂಕಿಯಲ್ಲಿ ಮೇಣ ಇಳಿಸಿ, ಆಮೇಲೆ ಒಳಗೆ ಕೆಂಪಾಗುವವರೆಗೆ ಕಾಯಿಸಿ. ಬಾಯಿಗೆ ತಣ್ಣನೆಯ ಕಬ್ಬಿಣದ ತಗಡು ಹಿಡಿದಾಗ ಹನಿ ಕಟ್ಟಿದರೆ ತಿರುಳು ಇನ್ನೂ ಒಣಗಿಲ್ಲ.

ಹೊಯ್ಯುವುದು

ಮೂಸೆಯನ್ನು ಮೊದಲೇ ಕಾಯಿಸಿ ತೇವ ಕಳೆಯಿರಿ. ತಾಮ್ರ ಮೊದಲು, ಮೇಲೆ ಇದ್ದಿಲಿನ ಹೊದಿಕೆ. ತವರ, ಸೀಸ, ಸತು ಕೊನೆಗೆ. ಸತು 907 ಡಿಗ್ರಿಗೇ ಕುದಿಯುತ್ತದೆ, ಬಿಳಿ ಹೊಗೆ ಏಳುವುದು ಅದರದ್ದು. ಆ ಹೊಗೆ ಕುಡಿದವರಿಗೆ ಅಂದೇ ರಾತ್ರಿ ಚಳಿಜ್ವರ ಬರುತ್ತದೆ, ಸೀಸದ ಹೊಗೆಯ ಪರಿಣಾಮ ಇನ್ನೂ ಕೆಟ್ಟದ್ದು, ಅದು ಮೈಯಲ್ಲೇ ಉಳಿಯುತ್ತದೆ. ಗಾಳಿಯಾಡುವ ಜಾಗ, ಲೋಹದ ಹೊಗೆಗೆ ತಕ್ಕ ಮಾಸ್ಕು, ಹತ್ತಿಯ ಬಟ್ಟೆ, ಚರ್ಮದ ಏಪ್ರನ್ ಇಲ್ಲದೆ ಕುಲುಮೆ ಹೊತ್ತಿಸಬಾರದು. ನೈಲಾನ್, ಪಾಲಿಯೆಸ್ಟರ್ ಮೈಗೆ ಅಂಟಿಕೊಂಡು ಉರಿಯುತ್ತದೆ. ಸಿಮೆಂಟ್ ನೆಲದ ಮೇಲೆ ಹೊಯ್ಯಬೇಡಿ: ಚೆಲ್ಲಿದ ಲೋಹದ ಬಿಸಿಗೆ ಸಿಮೆಂಟಿನೊಳಗಿನ ತೇವ ಆವಿಯಾಗಿ ನೆಲ ಸಿಡಿಯುತ್ತದೆ. ಒಣ ಮರಳಿನ ಹಾಸು ಬೇಕು.

4 ಮಿ.ಮೀ. ಗೋಡೆಗೆ 1180 ಡಿಗ್ರಿಯ ಸುತ್ತ ಹೊಯ್ಯಬೇಕು. ಕಣ್ಣಂದಾಜಿಗಿಂತ ಬಿಸಿ ಅಳೆಯುವ ಕೆ-ಟೈಪ್ ಥರ್ಮೊಕಪಲ್ ಒಳ್ಳೆಯದು. ಮೂಸೆ ಎತ್ತುವ ಮುಂಚೆ, ಲೋಹದಲ್ಲಿ ಕೂಡಿದ ಆಮ್ಲಜನಕ ತೆಗೆಯಲು, ಶೇ. 15 ರಂಜಕದ ಫಾಸ್ಫರ್ ಕಾಪರ್ 6ರಿಂದ 8 ಗ್ರಾಂ ಹಾಕಿ ಕಲಕಿ. 4.2 ಕಿಲೋಗೆ ಇಷ್ಟು ಸಾಕು, ಸಿಲಿಕಾನ್ ಕಂಚಿಗೆ ಇದು ಬೇಡವೇ ಬೇಡ. ಕಿಟ್ಟ ತೆಗೆದು, ಹೂತಿಟ್ಟ ಬಿಸಿ ಅಚ್ಚಿಗೆ ಧಾರೆ ಕಡಿಯದಂತೆ ಹೊಯ್ಯಿರಿ. ಗಾಳಿಕೊಳವೆಗಳಲ್ಲಿ ಲೋಹ ಕಾಣಿಸಿದ ಮೇಲೆಯೇ ನಿಲ್ಲಿಸುವುದು.

ಕೆಟ್ಟದ್ದನ್ನು ಓದಲು ಬಂದರೆ ಮುಂದಿನ ಎರಕ ಉಳಿಯುತ್ತದೆ. ಮೈ ಮೇಲೆ ಎರಡು ಹೊಳೆ ಸೇರಿಯೂ ಕೂಡದಂತಹ ಉರುಟು ಅಂಚಿನ ಗೆರೆ ಇದ್ದರೆ ಅಚ್ಚೋ ಲೋಹವೋ ತಣ್ಣಗಿತ್ತು, ಇಲ್ಲವೇ ಧಾರೆ ಕಡಿಯಿತು. ದುಂಡಗಿನ, ಒಳಗೆ ಹೊಳೆಯುವ ತೂತುಗಳು ಅನಿಲದವು: ತೇವ, ಅತಿಯಾಗಿ ಕಾದ ಲೋಹ, ಉಸಿರಾಡದ ಅಚ್ಚು. ಒರಟು, ಕವಲೊಡೆದ, ದಪ್ಪ ಭಾಗದಲ್ಲೇ ಬೀಳುವ ತೂತು ಕುಗ್ಗಿನದು, ಅದಕ್ಕೆ ಮದ್ದು ಫೈಲಿನಲ್ಲಿದೆ, ಕುಲುಮೆಯಲ್ಲಿಲ್ಲ. ತೆಳುವಾದ ರೆಕ್ಕೆಯಂತೆ ಲೋಹ ಹೊರಬಂದಿದ್ದರೆ ಅಚ್ಚು ಬಿರಿದಿದೆ. ಅದು ಅಷ್ಟೇನೂ ನಷ್ಟವಲ್ಲ, ಉಳಿಯಿಂದ ಹೊಡೆದು ತೆಗೆಯಬಹುದು.

ಉಳಿ, ಬಣ್ಣ, ಅಳತೆ

ರನ್ನರುಗಳನ್ನು ಮೈಯಿಂದ 2 ಮಿ.ಮೀ. ಬಿಟ್ಟು ಕೊಯ್ದು, ಉಳಿದದ್ದನ್ನು ಅರದಿಂದ ಇಳಿಸಿ. ಮೊಳೆ ಕಿತ್ತ ತೂತುಗಳಿಗೆ ತಿರುಪಿನ ಸುತ್ತು (ಥ್ರೆಡ್) ಕೊರೆದು, ಅದೇ ಎರಕದ ರನ್ನರಿನಿಂದ ಮಾಡಿದ ಕಡ್ಡಿಯನ್ನು ತಿರುಗಿಸಿ ಬಡಿದರೆ ಬಣ್ಣ ಒಂದೇ ಬರುತ್ತದೆ. ಅಂಗಡಿಯ ಹಿತ್ತಾಳೆ ಸ್ಕ್ರೂ ಹಾಕಿದರೆ ಹಳದಿ ಚುಕ್ಕೆಯಾಗಿ ಕಾಣುತ್ತದೆ. ಹುಣಸೆಹುಳಿಯಲ್ಲಿ ತೊಳೆದು, ಉಜ್ಜಿ, ಚೆನ್ನಾಗಿ ನೀರು ಹಾಯಿಸಿ. ಲಿವರ್ ಆಫ್ ಸಲ್ಫರ್ ಎಂಬ ಗಂಧಕದ ರಾಸಾಯನಿಕ ಕಂದು-ಕಪ್ಪು ಕೊಡುತ್ತದೆ, ಬಿಸಿ ಮಾಡಿದ ಮೈಗೆ ಫೆರಿಕ್ ನೈಟ್ರೇಟ್ ಹೊಂಗಂದು. ಬೆರಳಿನ ಜಿಡ್ಡು ಇದ್ದಲ್ಲಿ ಎರಡೂ ಹಿಡಿಯುವುದಿಲ್ಲ. ಕಿರೀಟ ಮತ್ತು ದೇಹಕ್ಕೆ ಒಟ್ಟಿಗೇ ಬಣ್ಣ ಕಟ್ಟಿ, ಮೈ ಬೆಚ್ಚಗಿರುವಾಗಲೇ ಜೇನುಮೇಣ ಸವರಿ.

ಇದೇ ಫೈಲನ್ನು ಬೀದರಿನ ಬಿದ್ರಿ ಕೆಲಸಕ್ಕೆ ಕೊಂಡೊಯ್ಯುವ ಆಸೆ ಇದ್ದರೆ ಬಹಳಷ್ಟನ್ನು ಬದಲಿಸಬೇಕಾಗುತ್ತದೆ. ಅಲ್ಲಿ ಮರಳಿನ ಅಚ್ಚು, ಸತು ಹೆಚ್ಚು ಮತ್ತು ತಾಮ್ರ ಕಡಿಮೆ ಇರುವ ಲೋಹ, ಸಾಮಾನ್ಯವಾಗಿ 16ಕ್ಕೆ 1. ಮರಳಿನಿಂದ ಮಾದರಿಯನ್ನು ಎತ್ತಿ ತೆಗೆಯಬೇಕಾದ್ದರಿಂದ ಒಳತಿರುವುಗಳು ಇರುವಂತಿಲ್ಲ, ಬದಿಗಳಿಗೆ 2ರಿಂದ 3 ಡಿಗ್ರಿ ಇಳಿಜಾರು ಬೇಕು. ಪ್ರಿಂಟ್ ಸುಡುವ ಮಾತೇ ಇಲ್ಲ, ಒಂದೇ ಪಿಎಲ್‌ಎ ಮಾದರಿ ಮತ್ತೆ ಮತ್ತೆ ಬಳಕೆಗೆ ಬರುತ್ತದೆ. ನಕ್ಷೆಯನ್ನು ಮಾತ್ರ ಫೈಲಿನಲ್ಲಿ ಉಬ್ಬಿಸಬೇಡಿ. ಎರಕದ ಮೈಯನ್ನು ಮೈಲುತುತ್ತದ ನೀರಿನಿಂದ ಕಪ್ಪು ಮಾಡಿ, ಅದರ ಮೇಲೆ ಗೆರೆ ಗೀರಿ, ಉಳಿಯಿಂದ ತೋಡಿ ಬೆಳ್ಳಿ ಕೂರಿಸುವ ಕೆಲಸ ಅದು. ತೋಡಿನ ಅಂಚು ಬೆಳ್ಳಿಯನ್ನು ಕಚ್ಚಿಕೊಳ್ಳಬೇಕು. ಎರಕದಲ್ಲೇ ಬಂದ ತೋಡಿಗೆ ಆ ಹಿಡಿತವಿರುವುದಿಲ್ಲ.

ಪೀಠದ ಅಡಿಯಲ್ಲಿ, ಯಾರಿಗೂ ಕಾಣದ ಕಡೆ, ಒಂದಕ್ಕೊಂದು ಸರಿಯಾಗಿ 100 ಮಿ.ಮೀ. ದೂರದಲ್ಲಿ ಎರಡು ಸಣ್ಣ ಗುಳಿಗಳನ್ನು ಫೈಲಿನಲ್ಲೇ ಇಟ್ಟಿರಿ. ಪ್ರಿಂಟ್‌ನಲ್ಲಿ, ಮೇಣದಲ್ಲಿ, ಕಂಚಿನಲ್ಲಿ ಒಂದೊಂದು ಸಲ ವರ್ನಿಯರ್ ಹಿಡಿದು ಅಳೆದು ಬರೆದಿಟ್ಟರೆ ನಿಮ್ಮ ಮೇಣ ಎಷ್ಟು, ನಿಮ್ಮ ಕುಲುಮೆಯ ಲೋಹ ಎಷ್ಟು ಕುಗ್ಗುತ್ತದೆ ಎಂಬ ಅಂಕಿ ಸಿಗುತ್ತದೆ. ಮೇಲೆ ಕೊಟ್ಟ ಶೇ. 1 ಮತ್ತು 1.5ರ ಬದಲು ಮುಂದಿನ ಫೈಲಿಗೆ ಆ ಅಂಕಿಗಳನ್ನೇ ಹಾಕಿ.